ಆ ಹದಿನಾರು ಸೆಕೆಂಡಿನ ಗಿಟಾರ್ ಯಾರದ್ದು?

ಪ್ರಶ್ನೆ: ನಮ್ಮ ತಂದೆ ಹತ್ರ ಹಳೇ ಇಂಗ್ಲಿಷ್ ಹಾಡುಗಳ ಒಂದು ಕ್ಯಾಸೆಟ್ ಇತ್ತು. ಅದ್ರಲ್ಲಿದ್ದ ‘ರಾಕ್ ಅರೌಂಡ್ ದ ಕ್ಲಾಕ್’ ಚಿಕ್ಕಂದಿನಿಂದ ನಂಗೆ ತುಂಬಾ ಇಷ್ಟ. ಮಧ್ಯದಲ್ಲಿ ಬರೋ ಆ ಗಿಟಾರ್ ಹಾಡುಗಾರ ಬಿಲ್ ಹೇಲಿನೇ ಬಾರಿಸಿರೋದಾ? (ಧಾರವಾಡದ ಓದುಗರು)

ಉತ್ತರ: ಅಲ್ಲ. ಹೇಲಿ ಕೈಯಲ್ಲೂ ಗಿಟಾರ್ ಇತ್ತು, ಆದ್ರೆ ಅವರು ಹಾಡ್ತಾ ಹಾಡ್ತಾ ರಿದಮ್ ಕೊಡ್ತಿದ್ರು, ಅಷ್ಟೆ. ನೀವು ಕೇಳ್ತಿರೋ ಸೋಲೋ, ಅಂದ್ರೆ ಹಾಡು ನಿಂತು ಗಿಟಾರ್ ಒಂದೇ ಮುಂದೆ ಬರೋ ಭಾಗ, ಡ್ಯಾನಿ ಸೆಡ್ರೋನ್ ಅನ್ನೋರದ್ದು. ಅವರು ಹೇಲಿ ಬ್ಯಾಂಡಿನ ಖಾಯಂ ಮೆಂಬರ್ ಆಗಿರ್ಲಿಲ್ಲ, ರೆಕಾರ್ಡಿಂಗ್ ಇದ್ದಾಗ ಕರೆದ್ರೆ ಬಂದು ಬಾರಿಸಿ ಹೋಗ್ತಿದ್ದ ಸೆಷನ್ ಗಿಟಾರಿಸ್ಟ್. ಈ ಪ್ರಶ್ನೆ ನೀವು ಕೇಳಿದ್ದು ನಂಗೆ ನಿಜವಾಗ್ಲೂ ಖುಷಿ ಆಯ್ತು, ಯಾಕಂದ್ರೆ ಹಾಡು ಕೇಳದೇ ಇರೋರು ಕಮ್ಮಿ, ಈ ಹೆಸರು ಕೇಳಿರೋರು ಅದಕ್ಕಿಂತ ತೀರಾ ಕಮ್ಮಿ.

ಆ ದಿನದ ಕಥೆ ಪೂರ್ತಿ ಹೇಳ್ತೀನಿ. 1954ರ ಏಪ್ರಿಲ್ 12. ನ್ಯೂಯಾರ್ಕಿನಲ್ಲಿ ಪಿಥಿಯನ್ ಟೆಂಪಲ್ ಅಂತ ಒಂದು ದೊಡ್ಡ ಕಟ್ಟಡ, ಅದರೊಳಗಿನ ಹಾಲನ್ನ ಡೆಕ್ಕಾ ಕಂಪನಿಯವರು ಸ್ಟುಡಿಯೋ ಮಾಡ್ಕೊಂಡಿದ್ರು. ಹೇಲಿ ಬ್ಯಾಂಡಿನವರು ಬರೋ ದಾರೀಲಿ ಅವರಿದ್ದ ದೋಣಿ ಮರಳುದಿಬ್ಬಕ್ಕೆ ಸಿಕ್ಕಾಕ್ಕೊಂಡು ಲೇಟಾಗಿತ್ತು. ಪ್ರೊಡ್ಯೂಸರ್ ಮಿಲ್ಟ್ ಗೇಬ್ಲರ್ ಅವತ್ತು ತಲೆ ಕೆಡಿಸ್ಕೊಂಡಿದ್ದೇ ಬೇರೆ ಹಾಡಿಗೆ, ರೆಕಾರ್ಡಿನ ಎ ಸೈಡಿಗೆ, ಅಂದ್ರೆ ಮುಖ್ಯ ಹಾಡಿನ ಬದಿಗೆ, ಅಂತ ಇಟ್ಕೊಂಡಿದ್ದ ಆ ಹಾಡಿನಲ್ಲೇ ಹೊತ್ತೆಲ್ಲಾ ಕಳೆದು, ಕೊನೇಲಿ ಉಳಿದ ಚೂರು ಟೈಮಲ್ಲಿ ಇದಕ್ಕೆ ಕೈ ಹಾಕಿದ್ರು. ಎರಡೇ ಎರಡು ಟೇಕ್. ಮೊದಲನೇದ್ರಲ್ಲಿ ವಾದ್ಯಗಳ ಸದ್ದಿಗೆ ಹೇಲಿ ದನಿ ಮುಚ್ಚಿಹೋಗಿತ್ತು ಅಂತ ಇನ್ನೊಂದು ತಗೊಂಡು, ಆಮೇಲೆ ಎರಡನ್ನೂ ಸೇರಿಸಿದ್ರು.

ಇಂಥಾ ಗಡಿಬಿಡೀಲಿ ಹೊಸದಾಗಿ ಸೋಲೋ ಕಟ್ಟೋಕೆ ಟೈಮ್ ಎಲ್ಲಿಂದ ಬರ್ಬೇಕು ಹೇಳಿ. ಸೆಡ್ರೋನ್ 1952ರಲ್ಲಿ ಇದೇ ಹೇಲಿಯವರ ‘ರಾಕ್ ದ ಜಾಯಿಂಟ್’ ಅನ್ನೋ ಹಾಡಿಗೆ ಒಂದು ಸೋಲೋ ಬಾರಿಸಿದ್ರು, ಆಗ ಬ್ಯಾಂಡಿನ ಹೆಸರೂ ಬೇರೆ, ಸ್ಯಾಡಲ್‌ಮೆನ್ ಅಂತ. ಅದನ್ನೇ ಹೆಚ್ಚುಕಮ್ಮಿ ಹಾಗೇ ತಂದು ಇಲ್ಲಿ ಬಾರಿಸಿಬಿಟ್ರು. ಕೆಲವರು ಇದನ್ನ ಕಾಪಿ ಅಂತಾರೆ, ನಾನು ಒಪ್ಪಲ್ಲ. ತನ್ನದೇ ಕೈಯಿಂದ ಹುಟ್ಟಿದ್ದು, ಎರಡು ವರ್ಷ ಬೆರಳಲ್ಲಿ ಪಳಗಿದ್ದು, ಗಡಿಯಾರ ನೋಡ್ತಾ ನಿಂತಿರೋ ಪ್ರೊಡ್ಯೂಸರ್ ಮುಂದೆ ಒಂದು ಸ್ವರ ತಪ್ಪದೇ ಬಂತು ನೋಡಿ, ಸೆಷನ್ ಕಲಾವಿದ ಅಂದ್ರೆ ಅದೇ.

ಒಂದ್ಸಲ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಹಾಡು ಶುರುವಾಗಿ ಮುಕ್ಕಾಲು ನಿಮಿಷಕ್ಕೆ ಸೋಲೋ ಬರುತ್ತೆ, 12 ಬಾರ್ (ತಾಳದ ಹನ್ನೆರಡು ಸುತ್ತು), ಎಣಿಸಿದ್ರೆ ಹದಿನಾರು ಸೆಕೆಂಡ್ ಇರಬಹುದು. ಪಿಕ್ (ತಂತಿ ಮೀಟೋ ಚಿಕ್ಕ ಬಿಲ್ಲೆ) ತಂತಿ ಮೇಲೆ ಮೇಲೆ-ಕೆಳಗೆ ಓಡೋದು ಎಷ್ಟು ಜೋರು ಅಂದ್ರೆ ಸ್ವರಗಳು ಹುರಿಗಡಲೆ ಸಿಡಿದ ಹಾಗೆ ಸಿಡೀತಾವೆ, ಕೊನೇಲಿ ಮೇಲಿಂದ ಒಂದೊಂದೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಪಟ್ಟಿ) ಹಿಡಿದು ಸರಸರ ಅಂತ ಇಳಿದು ಬರ್ತಾರಲ್ಲ, ಅಲ್ಲಿ ಡ್ರಮ್ಮಿನ ಏಟೂ ಜೊತೆಗೇ ಬೀಳುತ್ತೆ. ಡ್ರಮ್ ಬಾರಿಸಿದ ಬಿಲ್ಲಿ ಗಸ್ಸಾಕ್ ಕೂಡ ಅವತ್ತಿಗೆ ಅಂತ ಕರೆಸಿದ್ದ ಸೆಷನ್ ಕಲಾವಿದರೇ.

ಪ್ರಶ್ನೆ: ಡ್ಯಾನಿ ಸೆಡ್ರೋನ್ ಬಗ್ಗೆ ಹೋದ ಸಂಚಿಕೇಲಿ ಒಂದು ಸಾಲು ಬರೆದಿದ್ರಿ. ಇಷ್ಟು ಹಿಟ್ ಹಾಡಿಗೆ ಬಾರಿಸಿದೋರು ಆಮೇಲೆ ದೊಡ್ಡ ಸ್ಟಾರ್ ಯಾಕೆ ಆಗ್ಲಿಲ್ಲ? ದುಡ್ಡಾದ್ರೂ ಬಂತಾ? (ಶಿವಮೊಗ್ಗದ ಓದುಗರು)

ಉತ್ತರ: ಬರ್ಲಿಲ್ಲ. ಆ ಸೆಷನ್ನಿಗೆ ಅವರಿಗೆ ಸಿಕ್ಕಿದ್ದು 21 ಡಾಲರ್. ಸೆಷನ್ನಿನವರಿಗೆ ಅವತ್ತಿನ ಕೂಲಿ ಅವತ್ತಿಗೆ ಮುಗೀತು, ಆಮೇಲೆ ರೆಕಾರ್ಡ್ ಹತ್ತು ಮಾರಿದ್ರೂ ಹತ್ತು ಲಕ್ಷ ಮಾರಿದ್ರೂ ಅವರಿಗೆ ರಾಯಲ್ಟಿ ಇಲ್ಲ. ಲೇಬಲ್ ಮೇಲೆ ಹಾಡಿದೋರ ಹೆಸರು, ಬರೆದೋರ ಹೆಸರು, ಬಾರಿಸಿದೋರ ಹೆಸರಿಗೆ ಅಲ್ಲಿ ಜಾಗನೇ ಇರ್ಲಿಲ್ಲ.

ಅವರು ಹೇಲಿ ಜೊತೆ ಖಾಯಮ್ಮಾಗಿ ಇರದೇ ಇದ್ದಿದ್ದಕ್ಕೆ ಒಂದು ಕಾರಣ, ಅವರದೇ ಎಸ್ಕ್ವೈರ್ ಬಾಯ್ಸ್ ಅನ್ನೋ ಗುಂಪಿತ್ತು, ಫಿಲಡೆಲ್ಫಿಯಾ ಕಡೆ ಕಾರ್ಯಕ್ರಮ ಕೊಡ್ತಿದ್ರು. 1954ರ ಜೂನ್ 7ಕ್ಕೆ ಹೇಲಿಯವರ ‘ಶೇಕ್, ರಾಟಲ್ ಅಂಡ್ ರೋಲ್’ಗೂ ಬಂದು ಬಾರಿಸಿ ಹೋದ್ರು. ಅದಾಗಿ ಹತ್ತೇ ದಿನಕ್ಕೆ, ಜೂನ್ 17ಕ್ಕೆ, ಮೆಟ್ಟಿಲಿಂದ ಜಾರಿಬಿದ್ದು ಕತ್ತು ಮುರಿದು ತೀರಿಕೊಂಡ್ರು. ಮೂರು ದಿನ ಕಳೆದಿದ್ರೆ 34 ತುಂಬ್ತಿತ್ತು.

‘ರಾಕ್ ಅರೌಂಡ್ ದ ಕ್ಲಾಕ್’ ಆಗಷ್ಟೇ, ಮೇ ತಿಂಗಳಲ್ಲಿ ಹೊರಬಂದಿತ್ತು, ಅದೂ ಬಿ ಸೈಡಲ್ಲಿ, ಯಾರೂ ಅಷ್ಟಾಗಿ ಗಮನಿಸಿರ್ಲಿಲ್ಲ. 1955ರ ಮಾರ್ಚಲ್ಲಿ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಸಿನಿಮಾ ಶುರುವಿನ ಟೈಟಲ್ಲಿಗೆ ಈ ಹಾಡು ಹಾಕಿದ್ರು ನೋಡಿ, ಹುಡುಗರು ಹುಚ್ಚೆದ್ದುಬಿಟ್ರು. ಅದೇ ಜುಲೈಲಿ ಅಮೆರಿಕದಲ್ಲಿ ನಂಬರ್ ಒನ್, ಎಂಟು ವಾರ ಕೆಳಗಿಳೀಲೇ ಇಲ್ಲ. ಅಷ್ಟೊತ್ತಿಗೆ ಸೆಡ್ರೋನ್ ಹೋಗಿ ವರ್ಷದ ಮೇಲಾಗಿತ್ತು, ಸ್ಟೇಜ್ ಮೇಲೆ ಆ ಸೋಲೋ ಬಾರಿಸೋ ಕೆಲಸ ಫ್ರ್ಯಾನಿ ಬೀಚರ್ ಅವರದ್ದಾಗಿತ್ತು. ಇದನ್ನ ಬರೀವಾಗ ಈಗ್ಲೂ ಹೊಟ್ಟೇಲಿ ಸಂಕಟ ಆಗುತ್ತೆ ನಂಗೆ. ಊರೆಲ್ಲಾ ಕುಣೀತಿದೆ, ಕುಣಿಸಿದ ಕೈಗೆ ಅದು ಗೊತ್ತೇ ಆಗ್ಲಿಲ್ಲ.

ಎಲ್ಲರ ಹಣೆಬರಹ ಹಿಂಗೇ ಇತ್ತು ಅಂತಲ್ಲ. ಅದೇ ಕಾಲಕ್ಕೆ ನ್ಯೂಯಾರ್ಕಲ್ಲಿ ಮಿಕ್ಕಿ ಬೇಕರ್ ಅಂತ ಇನ್ನೊಬ್ಬ ಸೆಷನ್ ಗಿಟಾರಿಸ್ಟ್ ಇದ್ರು, ಅಟ್ಲಾಂಟಿಕ್, ಸವಾಯ್, ಕಿಂಗ್ ಹೀಗೆ ಹತ್ತಾರು ಕಂಪನಿಯೋರು ಅವರನ್ನೇ ಕರೀತಿದ್ರು. ಅನಾಥಾಲಯದಲ್ಲಿ ಬೆಳೆದ ಹುಡುಗ, ಟ್ರಂಪೆಟ್ ಕೊಳ್ಳೋ ಆಸೆ ಇತ್ತು, ಕೈಯಲ್ಲಿದ್ದ ಕಾಸಿಗೆ ಸಿಕ್ಕಿದ್ದು ಗಿಟಾರ್. ಅವರು ತಮ್ಮ ಹತ್ರ ಗಿಟಾರ್ ಕಲೀತಿದ್ದ ಸಿಲ್ವಿಯಾ ಜೊತೆ ಸೇರಿ ತಮ್ಮ ಹೆಸರಲ್ಲೇ ‘ಲವ್ ಈಸ್ ಸ್ಟ್ರೇಂಜ್’ ಹಾಡಿ ಹಿಟ್ ಮಾಡಿದ್ರು, ಕಲಿಯೋರಿಗೆ ಅಂತ ಜಾಝ್ ಗಿಟಾರ್ ಪುಸ್ತಕ ಬರೆದ್ರು, ಆಮೇಲೆ ಫ್ರಾನ್ಸಿಗೆ ಹೋಗಿ ನೆಲೆಸಿ 2012ರಲ್ಲಿ ಅಲ್ಲೇ ತೀರಿಕೊಂಡ್ರು. ಸೆಡ್ರೋನ್‌ಗೂ ಅದೇ 2012ರಲ್ಲಿ ಒಂದು ಗೌರವ ಸಿಕ್ತು, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿಗೆ ಹೇಲಿಯವರ ಬ್ಯಾಂಡ್ ಕಾಮೆಟ್ಸ್‌ನ ಸೇರಿಸ್ಕೊಂಡಾಗ ಪಟ್ಟೀಲಿ ಅವರ ಹೆಸರೂ ಇತ್ತು. 58 ವರ್ಷ ಆದ್ಮೇಲೆ.

ಪ್ರಶ್ನೆ: ನಮ್ಮ ಮಗಳು ಗಿಟಾರ್ ಕಲೀತಿದ್ದಾಳೆ, ಈ ಸೋಲೋನೇ ಬಾರಿಸ್ಬೇಕು ಅಂತ ಹಠ, ಸ್ಪೀಡ್ ಮಾತ್ರ ಬರ್ತಿಲ್ಲ. ಏನ್ ಮಾಡ್ಸೋದು? (ಹಾಸನದ ಓದುಗರು)

ಉತ್ತರ: ಹಠ ಮಾಡ್ಲಿ ಬಿಡಿ ಅಮ್ಮಾ, ಒಳ್ಳೇದೇ. ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಕೊಡೋ ಸಾಧನ) ಅರ್ಧ ಸ್ಪೀಡಿಗೆ ಇಡಿ. ಪಿಕ್ ಒಂದು ಏಟು ಕೆಳಗೆ ಒಂದು ಏಟು ಮೇಲೆ, ತಪ್ಪಬಾರದು, ಪಿಕ್ಕಿನ ತುದಿ ಮಾತ್ರ ತಂತಿಗೆ ತಾಗ್ಬೇಕು, ಅಲುಗಾಡೋದು ಮಣಿಕಟ್ಟು, ಮೊಣಕೈ ಅಲ್ಲ. ಕೈ ಬಿಗಿಯಾಯ್ತು ಅಂದ್ರೆ ಅಲ್ಲಿಗೇ ನಿಲ್ಲಿಸಿ, ಭುಜ ಸಡಿಲ ಬಿಟ್ಟು ಮತ್ತೆ ಶುರು ಮಾಡ್ಲಿ. ಕೊನೆಯ ಇಳಿಯೋ ಓಟನ ಬೇರೆಯಾಗಿ ಕಲೀಲಿ, ಮೊದಲಿಂದ ಬಾರಿಸ್ತಾ ಬಂದ್ರೆ ಅಲ್ಲಿಗೆ ಬರೋಷ್ಟೊತ್ತಿಗೆ ಕೈ ಸೋತಿರುತ್ತೆ. ಆಮೇಲೆ 1952ರ ರೆಕಾರ್ಡು, 1954ರ ರೆಕಾರ್ಡು ಎರಡನ್ನೂ ಒಂದಾದ್ಮೇಲೊಂದು ಹಾಕಿ ಕೇಳಿಸಿ, ಎಲ್ಲೆಲ್ಲಿ ಬದಲಾಗಿದೆ ಅಂತ ಅವಳೇ ಕಂಡುಹಿಡೀಲಿ. ಬಾರಿಸೋಕೆ ಬಂದ್ಮೇಲೆ ನಂಗೊಂದು ಕಾಗದ ಬರೆಯೋಕೆ ಹೇಳಿ.