ನಿದ್ದೆ ಕಾಯಿಲೆ ಎರಡು ಬಗೆ ಯಾಕೆ?

ಪ್ರಶ್ನೆ: ಮಗ ಕೆಲಸಕ್ಕೆಂದು ಉಗಾಂಡಾಕ್ಕೆ ಹೊರಟಿದ್ದಾನೆ. ಅಲ್ಲಿ ನಿದ್ದೆ ಕಾಯಿಲೆ ಎರಡು ಬಗೆಯದಂತೆ, ಹೌದಾ ಡಾಕ್ಟ್ರೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಹೌದಮ್ಮ, ಎರಡೂ ಇರುವ ದೇಶ ಅದೊಂದೇ. ತ್ಸೆತ್ಸೆ ನೊಣ ಕಚ್ಚಿ ಹರಡುವ ಎರಡು ಪರಾವಲಂಬಿಗಳಿಂದ ಈ ಎರಡು ಬಗೆ. ಒಂದು ಗ್ಯಾಂಬಿಯೆನ್ಸ್, ಅದು ತನ್ನದೇ ನಕಲು ಮಾಡಿಕೊಂಡು ಬೆಳೆಯುತ್ತದೆ. ಹಾಗಾಗಿ ವಂಶವಾಹಿ ವ್ಯತ್ಯಾಸ ಕಡಿಮೆ. ಇದರ ಕಾಯಿಲೆ ನಿಧಾನ. ಇನ್ನೊಂದು ರೊಡೇಸಿಯೆನ್ಸ್, ಅದು ಹಾಗಲ್ಲ. ನೊಣದೊಳಗೆ, ದನಗಳಿಗೆ ತಗಲುವ ಬ್ರೂಸಿ ಎಂಬ ಸೋದರ ಪರಾವಲಂಬಿ ಜೊತೆ ವಂಶವಾಹಿ ಬೆರೆಸಿಕೊಳ್ಳುತ್ತದೆ. ವೈವಿಧ್ಯ ಜಾಸ್ತಿ, ವಾರಗಳಲ್ಲೇ ಕಾಯಿಲೆ ಜೋರು. ಇಂಥ ಪರಾವಲಂಬಿಗಳನ್ನು ಕೊಲ್ಲುವ, ನಮ್ಮ ರಕ್ತದ ಎಪಿಒಎಲ್‌1 ಎಂಬ ಕಾವಲು ಪ್ರೋಟೀನನ್ನು ಅದು ಎಸ್‌ಆರ್‌ಎ ಎಂಬ ಒಂದೇ ವಂಶವಾಹಿಯಿಂದ ತಡೆಯುತ್ತದೆ.

ಪುಣೆಯಲ್ಲಿ ಪಾಠ ಮಾಡುವಾಗ ನಾನು ಚಂದ್ರಾಪುರದ ರೈತರೊಬ್ಬರ ಕಥೆಯಿಂದಲೇ ಶುರು ಮಾಡುತ್ತಿದ್ದೆ. 2004ರಲ್ಲಿ ಅವರಿಗೆ ದನಗಳ ಇವಾನ್ಸಿ ಎಂಬ ಇದೇ ಜಾತಿಯ ಪರಾವಲಂಬಿ ತಗುಲಿತ್ತು. ಪಾಪ, ಅವರಲ್ಲಿ ಆ ಕಾವಲು ಪ್ರೋಟೀನೇ ಇರಲಿಲ್ಲ.

ಮಗನಿಗೆ ನೀಲಿ, ಕಪ್ಪು ಬಟ್ಟೆ ಬೇಡ ಅನ್ನಿ. ನೊಣ ಆ ಬಣ್ಣಕ್ಕೇ ಬರುತ್ತದೆ. ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಲಿ.