ಆ್ಯಪ್ ಬ್ಯಾಟರಿ ತಿನ್ನುತ್ತಿದ್ದರೆ ಮೊದಲು ಏನು ನೋಡಬೇಕು?

ಬಳಕೆದಾರರು ಬ್ಯಾಟರಿ ಬೇಗ ಖಾಲಿ ಆಗುತ್ತೆ ಅಂತಿದ್ದಾರೆ, ಕೋಡ್ ಇನ್ನೂ ವೇಗ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲುವುದಿಲ್ಲ. ಮಲಗಿದ ಫೋನನ್ನು ನಿಮ್ಮ ಆ್ಯಪ್ ಎಷ್ಟು ಸಲ ಎಬ್ಬಿಸುತ್ತದೆ ಅಂತ ಮೊದಲು ನೋಡಿ.

ನಾನು ವಿಜಯಪುರದಲ್ಲಿ ದ್ರಾಕ್ಷಿ ಬೆಳೆಗಾರರಿಗಾಗಿ ಹವಾಮಾನದ ಆ್ಯಂಡ್ರಾಯ್ಡ್ ಆ್ಯಪ್ ಮಾಡುತ್ತೇನೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಆದ ಮೇಲೆ ಮಳೆ ಬರುತ್ತಾ, ಔಷಧಿ ಹೊಡೆಯಬೇಕಾ ಅಂತ ಅವರು ಇದನ್ನೇ ನೋಡುತ್ತಾರೆ. ಒಂದು ದಿನ ತಿಕೋಟಾ ಕಡೆಯ ರೈತರೊಬ್ಬರು ಫೋನ್ ಮಾಡಿದರು. "ನಿಮ್ಮ ಆ್ಯಪ್ ಹಾಕಿದಾಗಿಂದ ಮಧ್ಯಾಹ್ನಕ್ಕ ಫೋನ್ ಬಂದ್ ಆಗ್ತೈತ್ರಿ. ತೋಟದಾಗ ಚಾರ್ಜಿಗೆ ಎಲ್ಲಿ ಹಾಕ್ಲಿ?" ತುಂಬಾ ಬೇಜಾರಾಯಿತು. ನನ್ನ ಟೇಬಲ್ ಮೇಲೆ ಎಲ್ಲ ಸರಿ ಇತ್ತು. ಆದರೆ ಅಲ್ಲಿ ಫೋನಿಗೆ ಯಾವಾಗಲೂ ಕೇಬಲ್ ಸಿಕ್ಕಿಸಿರುತ್ತಿತ್ತು, ವೈಫೈ ಇತ್ತು.

ಫೋನ್ ಹಿಡಿದು ಅವರ ತೋಟಕ್ಕೇ ಹೋದೆ. ಸಿಗ್ನಲ್ ಒಂದೇ ಕಡ್ಡಿ. ಸಿಗ್ನಲ್ ಕಮ್ಮಿ ಇದ್ದಷ್ಟೂ ಫೋನಿನ ರೇಡಿಯೊ ಜಾಸ್ತಿ ಶಕ್ತಿ ಹಾಕಬೇಕು, ತೋಟದ ಆ ತುದಿಯಲ್ಲಿರುವವರನ್ನು ಕೂಗಿ ಕರೆದ ಹಾಗೆ. ಡೇಟಾ ಕಳಿಸಿ ಮುಗಿದ ಮೇಲೂ ಅದು ತಕ್ಷಣ ಮಲಗುವುದಿಲ್ಲ, ಕೆಲವು ಸೆಕೆಂಡ್ ಎಚ್ಚರವಾಗೇ ಇರುತ್ತದೆ. ನನ್ನ ಆ್ಯಪ್ ನಿಮಿಷಕ್ಕೊಮ್ಮೆ ಸರ್ವರ್ ಹತ್ತಿರ "ಹೊಸದೇನಾದರೂ ಇದೆಯಾ" ಅಂತ ಕೇಳುತ್ತಿತ್ತು. ಹೆಚ್ಚಿನ ಸಲ ಬರುತ್ತಿದ್ದ ಉತ್ತರ "ಇಲ್ಲ". ಅಷ್ಟಕ್ಕೇ ರೇಡಿಯೊಗೆ ದಿನವಿಡೀ ನಿದ್ದೆ ಇಲ್ಲ!

2015ರಲ್ಲಿ ಬಂದ ಆ್ಯಂಡ್ರಾಯ್ಡ್ 6ರಿಂದ ಇಂಥದ್ದನ್ನು ತಡೆಯಲು ಡೋಝ್ ಇದೆ, ಫೋನ್ ಬಳಸದೆ ಇಟ್ಟಾಗ ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನು ಅದು ತಡೆದಿಡುತ್ತದೆ. ಆದರೆ ಸೂಚನೆ ತಡ ಆಗಬಾರದು ಅಂತ ನಾನೇ ರೈತರ ಫೋನಿನಲ್ಲಿ ನನ್ನ ಆ್ಯಪ್‌ಗೆ ಬ್ಯಾಟರಿ ಆಪ್ಟಿಮೈಸೇಶನ್ ಆಫ್ ಮಾಡಿಸಿ ಈ ತಡೆ ತಪ್ಪಿಸಿದ್ದೆ. ಅದು ದೊಡ್ಡ ತಪ್ಪು. ಈಗ ಮಳೆಯ ಎಚ್ಚರಿಕೆ ಇದ್ದಾಗ ಮಾತ್ರ ಸರ್ವರೇ ಗೂಗಲ್‌ನ ಫೈರ್‌ಬೇಸ್ ಸೇವೆಯ ಮೂಲಕ ಪುಶ್ ಸಂದೇಶ ಕಳಿಸುತ್ತದೆ. ದಿನದ ಮುನ್ಸೂಚನೆ, ಹಿನ್ನೆಲೆ ಕೆಲಸಗಳಿಗೆ ಸಮಯ ಗೊತ್ತು ಮಾಡುವ ವರ್ಕ್‌ಮ್ಯಾನೇಜರ್‌ನಲ್ಲಿ ಮೂರು ಗಂಟೆಗೊಮ್ಮೆ ಬರುತ್ತದೆ. ಪದೇ ಪದೇ ಮಾಡುವ ಕೆಲಸಕ್ಕೆ ವರ್ಕ್‌ಮ್ಯಾನೇಜರ್ ಹೇಗೂ 15 ನಿಮಿಷಕ್ಕಿಂತ ಕಡಿಮೆ ಅಂತರ ಒಪ್ಪುವುದಿಲ್ಲ. ಜಿಪಿಎಸ್ ಕೂಡ ಪದೇ ಪದೇ ಓಡುತ್ತಿತ್ತು. ದ್ರಾಕ್ಷಿ ತೋಟ ಇದ್ದಲ್ಲೇ ಇರುತ್ತೆ ಅಲ್ವಾ? ಒಂದು ಸಲ ಜಾಗ ತಿಳಿದುಕೊಂಡು ಉಳಿಸಿಟ್ಟರೆ ಮುಗಿಯಿತು.

ಅಳೆಯದೆ ಸುಮ್ನೆ ಕೋಡ್ ತಿದ್ದಬೇಡಿ. ಬ್ಯಾಟರಿ ಬಳಕೆಯ ಲೆಕ್ಕ ಇಡುವ ಆ್ಯಂಡ್ರಾಯ್ಡ್‌ನ ಬ್ಯಾಟರಿಸ್ಟ್ಯಾಟ್ಸ್ ರೀಸೆಟ್ ಮಾಡಿ, ಕೇಬಲ್ ಕಿತ್ತು, ವೈಫೈ ಆರಿಸಿ, ಅರ್ಧ ದಿನ ಫೋನ್ ಜೇಬಿನಲ್ಲಿಟ್ಟುಕೊಂಡು ಓಡಾಡಿ. ಆಮೇಲೆ ವರದಿ ತೆಗೆದು ನಿಮ್ಮ ಆ್ಯಪ್ ಹಿಡಿದ ವೇಕ್‌ಲಾಕ್‌ಗಳನ್ನು, ಅಂದರೆ ಫೋನ್ ಮಲಗದಂತೆ ಆ್ಯಪ್ ಹಾಕುವ ತಡೆಗಳನ್ನು, ನೋಡಿ. ಸ್ಕ್ರೀನ್ ಆಫ್ ಇದ್ದಾಗ ಹಿಡಿದದ್ದು ಯಾವುದು ಅಂತ ಸಿಕ್ಕರೆ, ತಿದ್ದುವ ಕೆಲಸ ಅಲ್ಲಿಂದಲೇ ಶುರು ಮಾಡಿ.