ಕ್ಲರ್ಕ್ಸ್ ಸಿನಿಮಾದಲ್ಲಿ ಶಟರ್ ಯಾಕೆ ಇಡೀ ದಿನ ಮುಚ್ಚಿರುತ್ತೆ?

ನೀವು ಕೇಳಿದ್ದು ಒಳ್ಳೆ ಡೌಟು ಗುರು, ಈ ಅಮೆರಿಕನ್ ಕಾಮಿಡಿ ಸಿನಿಮಾದ ಕಥೆ ನಡೆಯೋದು ಹಗಲಲ್ಲಿ, ಆದ್ರೂ ಅಂಗಡಿ ಶಟರ್ ಯಾಕೆ ಎತ್ತಲ್ಲ ಅಂತ. ಸಿನಿಮಾದೊಳಗಿನ ಕಾರಣ ನೋಡಿರ್ತೀರ, ಬೀಗಕ್ಕೆ ಯಾರೋ ಚೂಯಿಂಗ್ ಗಮ್ ತುರುಕಿರ್ತಾರೆ. ಅಸಲಿ ಕಾರಣ ದುಡ್ಡಿಲ್ಲದ್ದು! ಡೈರೆಕ್ಟರ್ ಕೆವಿನ್ ಸ್ಮಿತ್ ಆಗ ನ್ಯೂಜೆರ್ಸಿಯ ಲಿಯೊನಾರ್ಡೊದಲ್ಲಿ ಸಿನಿಮಾದಲ್ಲಿ ಕಾಣೋ ಅದೇ ಕ್ವಿಕ್ ಸ್ಟಾಪ್ ಅಂಗಡೀಲಿ ಕೆಲಸಕ್ಕಿದ್ದ, ಹಗಲು ಗಿರಾಕಿ ಬರ್ತಾರಲ್ಲ, ಅದಕ್ಕೆ ರಾತ್ರಿ ಅಂಗಡಿ ಮುಚ್ಚಿದ್ಮೇಲೆ ಶೂಟಿಂಗು, ಶಟರ್ ಎತ್ತಿದ್ರೆ ಹೊರಗಿನ ಕತ್ತಲು ಕಾಣ್ಸತ್ತೆ ಅಂತ ಆ ಗಮ್ ಕಥೆ ಹೊಸೆದಿದ್ದು. ಸಖತ್ ತಲೆ ಅಲ್ವಾ.

ಬಜೆಟ್ ಸುಮಾರು 27,500 ಡಾಲರ್ ಅಷ್ಟೇ, ಅದೂ ಕ್ರೆಡಿಟ್ ಕಾರ್ಡ್ ಉಜ್ಜಿ, ತನ್ನ ಕಾಮಿಕ್ಸ್ ಕಲೆಕ್ಷನ್ ಮಾರಿ ಹೊಂದಿಸಿದ್ದು. ಬ್ಲ್ಯಾಕ್ ಅಂಡ್ ವೈಟೂ ಕಲೆ ಗಿಲೆ ಅಂತಲ್ಲ, ಖರ್ಚು ಕಮ್ಮಿ ಆಗ್ಲಿ ಅಂತ. 1994ರಲ್ಲಿ ಸನ್‌ಡ್ಯಾನ್ಸ್‌ ಫಿಲ್ಮ್ ಫೆಸ್ಟಿವಲ್‌ಗೆ ಹೋಯ್ತು, ಮಿರಾಮ್ಯಾಕ್ಸ್ ಅನ್ನೋ ಸಿನಿಮಾ ಕಂಪನಿ ಕೊಂಡ್ಕೊಳ್ತು. ತಮಾಷೆ ಅಂದ್ರೆ ತೆರೆ ಮೇಲೆ ಬೆತ್ತಲೆ ಸೀನೇ ಇಲ್ದಿದ್ರೂ ಬರೀ ಪೋಲಿ ಡೈಲಾಗ್ ಕೇಳಿ ಮೊದಲು ಎನ್‌ಸಿ-17 ರೇಟಿಂಗ್ (ಚಿಕ್ಕವರನ್ನ ಒಳಗೇ ಬಿಡಲ್ಲ) ಕೊಟ್ಟಿದ್ರು, ಅಪೀಲು ಹೋಗಿ ಆರ್ (ದೊಡ್ಡವರ ಜೊತೆ ಬಂದ್ರೆ ಬಿಡ್ತಾರೆ) ಮಾಡಿಸ್ಕೊಂಡ್ರು, ಹಾಗಾಗಿ ಮನೇಲಿ ಅಪ್ಪ ಅಮ್ಮನ ಜೊತೆ ಮಾತ್ರ ಹಾಕ್ಬೇಡಿ.

ನಂಗೆ ಇಷ್ಟ ಆಗೋದು ಕ್ವಿಕ್ ಸ್ಟಾಪ್ ಕ್ಲರ್ಕ್ ಡಾಂಟೆ ಗೊಣಗಾಟಕ್ಕಿಂತ ಪಕ್ಕದ ವಿಡಿಯೋ ಅಂಗಡಿ ರ್‍ಯಾಂಡಲ್ಲೇ, ಗಿರಾಕಿ ಬಂದ್ರೂ ಕ್ಯಾರೇ ಅನ್ನಲ್ಲ ಆಸಾಮಿ. ಮೊದಲು ಬರೆದ ಕೊನೇಲಿ ಡಾಂಟೆನ ಕಳ್ಳನೊಬ್ಬ ಗುಂಡಿಕ್ಕಿ ಸಾಯಿಸ್ತಾನೆ ಗೊತ್ತಾ, ಶೂಟೂ ಮಾಡಿದ್ರು, ಆಮೇಲೆ ಕಿತ್ತಾಕಿದ್ರು. ಸದ್ಯ, ಬಚಾವ್.